ಬಾಲವಾಡಿಯ ತಟ್ಟೆ, ಮ್ಯಾನೇಜರರ ಮಗಳು

ಮಸ್ಕತ್ತಿನ ವಾದಿ ಕಬೀರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ, ನೀರು ಕುದಿಸಿ ಆರಲಿಡುವ ಪಾತ್ರೆಗೆ ಮುಚ್ಚಳವಾಗಿದ್ದದ್ದು ಒಂದು ಅಲ್ಯೂಮಿನಿಯಂ ತಟ್ಟೆ. ಅದರ ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ 'ಸ' ಎಂಬ ಅಕ್ಷರ. ಸರೋಜಾ ಎಂಬ ನನ್ನ ಹೆಸರಿನ ಗುರುತು. ಗೀಚಿದವಳು ಅಮ್ಮ. ಅವಳು ಅಕ್ಷರ ಕಲಿತವಳಲ್ಲ. ಬಾಲವಾಡಿಯ ಟೀಚರು ಮಣ್ಣಿನ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದ್ದನ್ನು ನೋಡಿಕೊಂಡು, ರಂಗೋಲಿ ಎಳೆಯುವ ಹಾಗೆ ಎಳೆದದ್ದು. ಹಾಗಾಗಿ ಆ 'ಸ' ನೆಟ್ಟಗೆ ನಿಂತಿಲ್ಲ, ಊಟವಾದ ಮೇಲೆ ಒರಗಿಕೊಂಡವರಂತೆ ಸ್ವಲ್ಪ ವಾಲಿಕೊಂಡಿದೆ. ಮದುವೆಯಾಗಿ ನಾನು ಮಸ್ಕತ್ತಿಗೆ ಹೊರಟಾಗ ಸೂಟ್‌ಕೇಸಿನೊಳಗೆ ಉಪ್ಪಿನಕಾಯಿ ಭರಣಿ ಅಲುಗಾಡದಿರಲೆಂದು ಅಮ್ಮ ಅದರ ಅಡಿಗೆ ಈ ತಟ್ಟೆಯನ್ನು ಇಟ್ಟಿದ್ದಳು. ಉಪ್ಪಿನಕಾಯಿ ಎರಡು ತಿಂಗಳಲ್ಲಿ ಮುಗಿಯಿತು, ತಟ್ಟೆ ಉಳಿಯಿತು.

ಸಹಾಯಧನ ಎಂಬ ಶಬ್ದವನ್ನು ನಾನು ಕಲಿತದ್ದು ಬಿ.ಕಾಂ. ಓದುವಾಗ; ಅದರ ರುಚಿ ಕಂಡದ್ದು ಮಾತ್ರ ಮೂರೂವರೆ ವರ್ಷಕ್ಕೆ, ಈ ತಟ್ಟೆಯಲ್ಲಿ. ನಮ್ಮೂರಿನ ಬಾಲವಾಡಿ ಎಂದರೆ ಪಂಚಾಯಿತಿಯ ಹಳೆಯ ಕಟ್ಟಡದ ಒಂದು ಜಗಲಿ. ಹಾಡು, ಕುಣಿತ, ಹನ್ನೊಂದು ಗಂಟೆಗೆ ಗೋಧಿ ರವೆಯ ಉಪ್ಪಿಟ್ಟು. ಫೀಸು ಇಲ್ಲ, ಅರ್ಜಿ ಇಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ಕೂತವರಿಗೆಲ್ಲ ಒಂದೊಂದು ಸೌಟು. ನಿನ್ನ ಅಪ್ಪ ಯಾರು, ಅವನಿಗೆ ಏನು ಕೆಲಸ ಎಂದು ಆ ಸೌಟು ಯಾವತ್ತೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು ಎಂದು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಆದರೆ ಆ ಮೆಟ್ಟಿಲಿನ ಕೆಳಗಿನ ಮೆಟ್ಟಿಲು ಆ ಒಂದು ಸೌಟು ಉಪ್ಪಿಟ್ಟು ಎಂಬುದನ್ನು ನಡುವೆ ಕೆಲವು ವರ್ಷ ಮರೆತುಬಿಟ್ಟಿದ್ದೆ. ನೆನಪಿಸಿದ್ದು ನನ್ನ ಮಗಳ ಕೆ.ಜಿ. ಫೀಸಿನ ಕಾಗದ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಮಗಳು ಅನಿತಾಳಿಗೆ ನಾಲ್ಕು ತುಂಬುತ್ತಿತ್ತು. ಇಂಡಿಯನ್ ಶಾಲೆಯಿಂದ ತಂದ ಆ ತಿಳಿಹಳದಿ ಕಾಗದವನ್ನು ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಎರಡು ಸಲ ಓದಿದೆ. ಪ್ರವೇಶ ಶುಲ್ಕ ಒಂದೇ ಸಲ. ಟರ್ಮ್ ಫೀಸು ವರ್ಷಕ್ಕೆ ಮೂರು ಸಲ. ಡೆಪಾಸಿಟ್ ಶಾಲೆ ಬಿಡುವಾಗ ವಾಪಸು. ಅಂದರೆ ಹಣ ನಮ್ಮದೇ, ಕೈಯಲ್ಲಿ ಮಾತ್ರ ಇಲ್ಲ. ಬಸ್ಸು ಬೇರೆ. ಸಮವಸ್ತ್ರ ಬೇರೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಕಡಿಮೆ ಸಂಬಳದ ಕುಟುಂಬಗಳಿಗೆ ಅರ್ಧ ಫೀಸಿನ ರಿಯಾಯಿತಿ ಉಂಟು, ಸಂಬಳದ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

ಸರ್ಕಾರ ಎಂಬುದು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ, ಇರಬೇಕೆಂದು ಬಯಸುವುದು ನ್ಯಾಯವೂ ಆಗಿರಲಿಲ್ಲ. ದುಡಿಯಲು ಬಂದ ಊರು ನಮಗೆ ದುಡಿಮೆ ಕೊಟ್ಟಿತ್ತು. ನಮ್ಮ ಊರಿನ ಸರ್ಕಾರವಾದರೋ ತನ್ನ ಸೌಟನ್ನು ಹಿಡಿದುಕೊಂಡು ಸಮುದ್ರ ದಾಟಿ ಬರುವಂತಿರಲಿಲ್ಲ. ಇನ್ನು ಕಂಪನಿಗಳು. ನಾನು ಕೆಲಸ ಮಾಡುತ್ತಿದ್ದ ಸರಕು ಸಾಗಣೆಯ ಕಂಪನಿಯಲ್ಲಿ ಮಕ್ಕಳ ಶಿಕ್ಷಣ ಭತ್ಯೆ ಇತ್ತು, ಆದರೆ ಅದು ಒಂದನೇ ತರಗತಿಯಿಂದ ಮೇಲೆ, ಅದೂ ಗಂಡಸರಿಗೆ. ನಮ್ಮವರು, ಅಂದರೆ ನನ್ನ ಗಂಡ, ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿದ್ದರು. ಅಲ್ಲಿ ಭತ್ಯೆ ಎಂದರೆ ಹಬ್ಬದ ದಿನ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿ, ಕಳಿಸುವ ಖರ್ಜೂರದ ಪೊಟ್ಟಣ. ಹೀಗೆ ನೋಡುತ್ತ ಹೋದರೆ, ಎಳೆಯ ಮಗು ಎಂಬುದು ಯಾರ ನಿಯಮದ ಪುಸ್ತಕದಲ್ಲಿಯೂ ಇನ್ನೂ ಹುಟ್ಟಿಯೇ ಇರಲಿಲ್ಲ. ನಾಲ್ಕು ವರ್ಷದವರೆಗೆ ಮಗು ತಂದೆತಾಯಿಯದು, ಆರರ ಮೇಲೆ ಲೋಕದ್ದು. ನಡುವಿನ ಎರಡು ವರ್ಷ ಯಾರದ್ದು ಎಂದು ಕೇಳಿದರೆ ನಮ್ಮ ಕಟ್ಟಡದಲ್ಲಿ ಒಂದೇ ಉತ್ತರವಿತ್ತು: ಹಿಲ್ಡಾ ಬಾಯಿಯದು.

ಹಿಲ್ಡಾ ಬಾಯಿ ಕೆಳಗಿನ ಮನೆಯವರು, ಮಂಗಳೂರಿನ ಕಡೆಯವರು. ಕೆಲಸಕ್ಕೆ ಹೋಗುವ ಮೂವರು ತಾಯಂದಿರ ಮಕ್ಕಳನ್ನು ಅವರು ನೋಡಿಕೊಳ್ಳುತ್ತಿದ್ದರು. ಎಷ್ಟು ಕೊಡಬೇಕೆಂದು ಕೇಳಿದರೆ, "ನಿನ್ನ ಮಗಳು ತಿನ್ನುವುದು ಒಂದು ಇಡ್ಲಿ, ಅದಕ್ಕೊಂದು ಲೆಕ್ಕವಾ?" ಎನ್ನುತ್ತಿದ್ದರು. ಆ ವರ್ಷ ಅವರ ಗಂಡನಿಗೆ ನಗರದ ಇನ್ನೊಂದು ತುದಿಯ ಅಲ್ ಖೌದಿನ ಕಡೆ ಕೆಲಸವಾಯಿತು. ತಿಂಗಳೊಳಗೆ ಮನೆ ಖಾಲಿ ಮಾಡುವವರಿದ್ದರು. ಅಲ್ಲಿಗೆ ನಮಗಿದ್ದದ್ದು ಎರಡೇ ದಾರಿ. ರಿಯಾಯಿತಿ ಸಿಕ್ಕರೆ ಅನಿತಾ ಕೆ.ಜಿ.ಗೆ. ಸಿಗದಿದ್ದರೆ, ಹಿಲ್ಡಾ ಬಾಯಿಯ ತಂಗಿ ಊರಿಗೆ ಹೊರಟಿದ್ದರು, ಅವರ ಜೊತೆ ಅವಳು ವಿಮಾನದಲ್ಲಿ ಅಜ್ಜಿಯ ಮನೆಗೆ. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆ ಆಗುತ್ತಿತ್ತು. ಮಕ್ಕಳು ಊರಿನಲ್ಲಿ, ಅವರ ಫೋಟೋ ಇಲ್ಲಿನ ಟೀವಿಯ ಮೇಲೆ. ನಾನು ಕೆಲಸ ಬಿಡಬಹುದಿತ್ತಲ್ಲ ಎನ್ನುತ್ತೀರಾ? ಬಿಟ್ಟಿದ್ದರೆ ಮನೆಬಾಡಿಗೆ ಕಟ್ಟಲಾಗದೆ ತಾಯಿ ಮಗಳು ಇಬ್ಬರೂ ಅದೇ ವಿಮಾನದಲ್ಲಿ ಇರುತ್ತಿದ್ದೆವು.

ಅರ್ಜಿಯನ್ನು ತುಂಬಿದ್ದು ನಮ್ಮವರು. ಶುಕ್ರವಾರ ಬೆಳಿಗ್ಗೆ ನಾನು ಮೀನು ಕೊಯ್ಯುತ್ತ ಅಡುಗೆಮನೆಯಿಂದ ಹೇಳುತ್ತಿದ್ದೆ, ಅವರು ಹೊರಗಿನ ಕೋಣೆಯಲ್ಲಿ ಕೂತು ಬರೆದರು. ಎರಡು ವಾರದ ಮೇಲೆ ಶಾಲೆಯ ಗೋಡೆಯಲ್ಲಿ ಪಟ್ಟಿ ಅಂಟಿಸಿದರು. ಪ್ರವೇಶದ ಪಟ್ಟಿಯಲ್ಲಿ ಅನಿತಾ ಇದ್ದಳು, ರಿಯಾಯಿತಿಯ ಪಟ್ಟಿಯಲ್ಲಿ ಇರಲಿಲ್ಲ. ಒಂದು ವಾರದಲ್ಲಿ ಪೂರ್ತಿ ಫೀಸು ಕಟ್ಟಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ಮನೆಗೆ ಬಂದು ಅರ್ಜಿಯ ಕಾರ್ಬನ್ ಪ್ರತಿ ಎಲ್ಲಿ ಎಂದು ಕೇಳಿದೆ. ಇಲ್ಲ ಎಂದರು. ಸಂಬಳದ ಪ್ರಮಾಣಪತ್ರ ಇಟ್ಟಿದ್ದಿರಾ ಎಂದೆ. ಅವರು ಫ್ಯಾನಿನ ಕಡೆ ನೋಡಿದರು.

"ಅದರಲ್ಲಿ ಕೌಂಟರ್ ಸೇಲ್ಸ್‌ಮನ್ ಅಂತ ಉಂಟು," ಎಂದರು ನಿಧಾನವಾಗಿ.

"ಇರ್ಲಿ. ನೀವು ಅದೇ ಅಲ್ವಾ?"

"ಫಾರಂನಲ್ಲಿ ಪಾರ್ಟ್ಸ್ ಮ್ಯಾನೇಜರ್ ಅಂತ ಬರ್ದಿದ್ದೆ."

"ಯಾವಾಗ ಆದದ್ದು ಮ್ಯಾನೇಜರ್? ನಂಗೆ ಹೇಳ್ಲೇ ಇಲ್ಲ."

"ಸುಮ್ನಿರು ಮಾರಾಯ್ತಿ. ಕೈ ತನ್ನಷ್ಟಕ್ಕೆ ಬರ್ದದ್ದು."

ನಂಬಿ, ಅವರು ಹೇಳಿದ್ದು ನಿಜ. ಗಲ್ಫಿನಲ್ಲಿದ್ದ ನಮ್ಮ ಕರಾವಳಿಯವರ ಕೈಗೆ ಅದೊಂದು ಅಭ್ಯಾಸ. ಇಲ್ಲಿ ಕೆಲಸಕ್ಕೆ ಒಂದು ಹೆಸರು, ಊರಿನ ಮದುವೆ ಕಾಗದದಲ್ಲಿ ಇನ್ನೊಂದು. ಡ್ರೈವರು ಅಲ್ಲಿ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜು, ಅಡುಗೆಯವರು ಕೇಟರಿಂಗ್ ಸೂಪರ್‌ವೈಸರು, ಮತ್ತು ಅಂಗಿಗೆ ಸೆಂಟು ಹಾಕಿಕೊಂಡ ಮಿಕ್ಕವರೆಲ್ಲ ಮ್ಯಾನೇಜರು. ಇದು ಯಾರನ್ನೂ ಮೋಸ ಮಾಡಲು ಹೇಳಿದ ಸುಳ್ಳಲ್ಲ. ಕಳಿಸಿಕೊಟ್ಟ ತಾಯಂದಿರು ನೀರಿನ ಕಟ್ಟೆಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿಕೊಳ್ಳಲಿ ಎಂದು ಹೊಲಿಸಿಕೊಟ್ಟ ಒಂದು ರವಿಕೆ. ಅದನ್ನು ಶಾಲೆಯ ಅರ್ಜಿಗೂ ತೊಡಿಸಿಬಿಟ್ಟರು ನನ್ನ ಗಂಡ. ಅರ್ಧ ಫೀಸು ಬೇಕಾದ ಮ್ಯಾನೇಜರು.

ನಾನು ಆ ದಿನ ಬಹಳ ಮಾತಾಡಿದೆ. ನನ್ನ ಅಮ್ಮನ ಕಥೆಯನ್ನೂ ತೆಗೆದೆ. ಹೈಸ್ಕೂಲಿನ ಫೀಸು ಮಾಫಿಗೆಂದು ಆದಾಯ ಪ್ರಮಾಣಪತ್ರ ಬೇಕಾದಾಗ ಅವಳು ನನ್ನನ್ನು ಕರೆದುಕೊಂಡು ಗ್ರಾಮ ಲೆಕ್ಕಿಗರ ಕಚೇರಿಗೆ ಹೋಗಿದ್ದಳು. ಅಲ್ಲಿ ನನ್ನ ಜೊತೆ ಓದುವ ಹುಡುಗಿಯೂ ಅವಳ ಅಪ್ಪನೊಂದಿಗೆ ನಿಂತಿದ್ದಳು. ಉದ್ಯೋಗ ಏನು ಎಂದು ಕೇಳಿದರು. ನಾನು ನೆಲ ನೋಡಿದೆ. ಅಮ್ಮ, "ಬೀಡಿ. ದಿನಕ್ಕೆ ಸಾವಿರ ಕಟ್ತೇನೆ, ಜ್ವರ ಬಂದ ದಿನ ಇಲ್ಲ. ಹಾಗೇ ಬರೀರಿ," ಎಂದಳು, ಕಾಯಿಯ ಬೆಲೆ ಹೇಳುವಷ್ಟು ಸಲೀಸಾಗಿ. ಈ ಕಥೆ ಹೇಳಿ ಮುಗಿಸಿ, ನಾಳೆ ನಾನೇ ಶಾಲೆಗೆ ಹೋಗುತ್ತೇನೆ, ನಿಮಗೆ ನಾಚಿಕೆಯಾದರೆ ಮನೆಯಲ್ಲಿರಿ ಎಂದೆ. ಅವರು ಪ್ರಮಾಣಪತ್ರ ಹುಡುಕಿ ತೆಗೆದು ನನ್ನ ಚೀಲದಲ್ಲಿಟ್ಟರು. ಗೆದ್ದವಳ ಹಾಗೆ ಮಲಗಿದೆ.

ಮರುದಿನ ಅರ್ಧ ದಿನ ರಜೆ ಹಾಕಿ, ಪ್ರಮಾಣಪತ್ರ ಹಿಡಿದು ಹೋದೆ. ಶಾಲೆಯ ಕಚೇರಿಯಲ್ಲಿದ್ದವರು ಕೇರಳದ ಒಬ್ಬರು ಹಿರಿಯ ಹೆಂಗಸು, ಕನ್ನಡಕವನ್ನು ದಾರದಲ್ಲಿ ತೂಗುಬಿಟ್ಟವರು. ನಾನು ಹರಕುಮುರುಕು ಹಿಂದಿಯಲ್ಲಿ ವಿಷಯ ಹೇಳಿದೆ. ಅವರು ನಗಲಿಲ್ಲ, ಗದರಲಿಲ್ಲ. ಕಪಾಟಿನಿಂದ ಅರ್ಜಿ ತೆಗೆಯುತ್ತ, "ಈ ವಾರ ನೀವು ನಾಲ್ಕನೇ ಮ್ಯಾನೇಜರು," ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. "ಕೂತುಕೊಳ್ಳಿ. ತಪ್ಪಿದ್ದನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಿ."

ತಂದೆಯ ಉದ್ಯೋಗದ ಮೇಲೆ ಗೆರೆ ಎಳೆದೆ. ಬರೆದೆ. ಸಹಿ ಹಾಕಿದೆ. ಆಮೇಲೆ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ತಾಯಿಯ ಉದ್ಯೋಗ: ಅಕೌಂಟೆಂಟ್.

ನಾನು ಟೈಪಿಸ್ಟ್ ಆಗಿದ್ದೆ. ಬೆಳಗಿನಿಂದ ಸಂಜೆವರೆಗೆ ಹಡಗಿನ ಸರಕಿನ ಪಟ್ಟಿಗಳನ್ನು ಟೈಪು ಮಾಡುವುದು, ನಡುವೆ ಫೋನು ಎತ್ತುವುದು. ಬರೆದ ಕೈ ಗಂಡನದು, ನಿಜ. ಆದರೆ ಮೀನು ಕೊಯ್ಯುತ್ತ ಅಡುಗೆಮನೆಯಿಂದ ಆ ಶಬ್ದವನ್ನು ಕೂಗಿ ಹೇಳಿದ್ದು ನಾನು. ಆಗ ಅದು ಸುಳ್ಳು ಎಂದು ನನಗೆ ಹೊಳೆಯಲೇ ಇಲ್ಲ. ಬಿ.ಕಾಂ. ಮಾಡಿದವಳು ಅಕೌಂಟೆಂಟ್ ಅಲ್ಲದೆ ಇನ್ನೇನು? ಅಷ್ಟು ಕಷ್ಟಪಟ್ಟು ಓದಿದ್ದು ಟೈಪಿಸ್ಟ್ ಎಂಬ ಮೂರು ಅಕ್ಷರದೊಳಗೆ ಹಿಡಿಸುವುದಿಲ್ಲ ಎಂದು ನನ್ನ ನಾಲಿಗೆಯೇ ತೀರ್ಮಾನಿಸಿಬಿಟ್ಟಿತ್ತು. ಗಂಡ ಹೊಲಿಸಿದ ರವಿಕೆಯನ್ನು ಹಿಡಿದು ಜಗ್ಗಿದವಳಿಗೆ ಮೈಮೇಲಿನ ತನ್ನದೇ ಕಾಣಿಸಿರಲಿಲ್ಲ. ಹಿಂದಿನ ದಿನ ಅವರು ಇದನ್ನು ಎತ್ತಿ ತೋರಿಸಬಹುದಿತ್ತು. ತೋರಿಸಲಿಲ್ಲ. ಅದನ್ನು ನೆನೆದು ಕುರ್ಚಿಯಲ್ಲಿ ಕೂತಲ್ಲಿಯೇ ನನ್ನ ಮುಖ ಬಿಸಿಯಾಯಿತು.

ಕಚೇರಿಯ ಹೆಂಗಸು ನನ್ನ ಪೆನ್ನು ನಿಂತದ್ದನ್ನು ನೋಡಿದರು. "ಅದೂ ಉಂಟಾ?" ಎಂದರು.

"ಉಂಟು," ಎಂದೆ. ಇನ್ನೊಂದು ಗೆರೆ ಎಳೆದೆ. ಟೈಪಿಸ್ಟ್ ಎಂದು ಬರೆದು ಸಹಿ ಹಾಕಿದೆ. ಅದರ ಕೆಳಗೆ ತಾಯಿಯ ವಿದ್ಯಾಭ್ಯಾಸ: ಬಿ.ಕಾಂ. ಅದನ್ನು ಯಾರೂ ತಿದ್ದಬೇಕಾಗಿರಲಿಲ್ಲ. ಎರಡು ಕಡೆ ಗೆರೆ ಬಿದ್ದ ಆ ಹಾಳೆಯಲ್ಲಿ ಅದು ಒಂದು ಸಾಲು ಸ್ವಚ್ಛವಾಗಿ ಉಳಿದಿತ್ತು, ಮತ್ತು ಮೊದಲಿಗಿಂತ ದೊಡ್ಡದಾಗಿ ಕಾಣಿಸುತ್ತಿತ್ತು.

ಐದನೇ ದಿನ ರಿಯಾಯಿತಿ ಮಂಜೂರಾಯಿತು. ಹಿಲ್ಡಾ ಬಾಯಿಯ ತಂಗಿ ಒಬ್ಬರೇ ಊರಿಗೆ ಹೋದರು. ಬಸ್ಸಿನ ಫೀಸು ನಮಗೆ ಇನ್ನೂ ಭಾರವೇ ಆಗಿತ್ತು; ಅದಕ್ಕೂ ಒಂದು ದಾರಿ ಸಿಕ್ಕಿತು. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಅವಳನ್ನು ಕರೆತರಲು ನಮ್ಮವರಿದ್ದರು. ಬೆಳಿಗ್ಗೆ ನಾನು ನಾಲ್ವರ ಜೊತೆ ಹಂಚಿಕೊಂಡು ಹೋಗುತ್ತಿದ್ದ ಟ್ಯಾಕ್ಸಿಯ ಮುದುಕ ಡ್ರೈವರು ಶಾಲೆಯ ಬಾಗಿಲಿಗೆ ಸುತ್ತು ಹಾಕಿ ಹೋಗುವೆನೆಂದರು. ಬಾಡಿಗೆ ಎಷ್ಟು ಹೆಚ್ಚು ಎಂದು ಕೇಳಿದಾಗ ಅನಿತಾಳನ್ನು ತೋರಿಸಿ, "ಮಡಿಲಲ್ಲಿ ಕೂತವರಿಗೆ ಬಾಡಿಗೆ ಇಲ್ಲ. ಖಲಾಸ್," ಎಂದುಬಿಟ್ಟರು. ಇಡ್ಲಿಗೆ ಲೆಕ್ಕವಿಲ್ಲ, ಮಡಿಲಿಗೆ ಬಾಡಿಗೆಯಿಲ್ಲ. ಯಾವ ಸರ್ಕಾರದ ಸುತ್ತೋಲೆಯಲ್ಲಿಯೂ ಇಲ್ಲದ ಈ ಎರಡು ಸಹಾಯಧನಗಳನ್ನು ನಾನು ಇಂದಿಗೂ ತೀರಿಸಿಲ್ಲ, ತೀರಿಸುವ ಬಗೆಯೂ ಗೊತ್ತಿಲ್ಲ. ಆದರೂ ಅನ್ನಿಸುತ್ತದೆ, ಎಲ್ಲ ಎಳೆಯ ಮಕ್ಕಳ ಕೆಳಮನೆಯಲ್ಲಿಯೂ ಹಿಲ್ಡಾ ಬಾಯಿ ಇರುವುದಿಲ್ಲ. ಅದಕ್ಕೇ ಊರಿಗೊಂದು ಜಗಲಿ, ಜಗಲಿಗೊಂದು ಸೌಟು ಇರಬೇಕು. ಅದು ಉಪಕಾರವಾಗಿ ಅಲ್ಲ, ನೀರಿನ ನಲ್ಲಿಯ ಹಾಗೆ.

ಕೆ.ಜಿ. ಶುರುವಾದ ಮೇಲೆ ಒಂದು ಚೀಟಿ ಬಂತು. ವಾರದ ಕೊನೆಯ ದಿನವಾದ ಬುಧವಾರ ಮಕ್ಕಳು ಒಟ್ಟಿಗೆ ಕೂತು ತಿನ್ನುತ್ತಾರೆ, ಪ್ರತಿಯೊಬ್ಬರೂ ಮನೆಯಿಂದ ಒಂದು ತಟ್ಟೆ ತರತಕ್ಕದ್ದು, ಹೆಸರಿನ ಗುರುತು ಇರಲಿ. ನಾನು ಪೇಟೆಯಿಂದ ಮೊಲದ ಚಿತ್ರವಿರುವ ಪ್ಲಾಸ್ಟಿಕ್ ತಟ್ಟೆ ತಂದೆ. ಅನಿತಾ ಅದನ್ನು ಒಮ್ಮೆ ನೋಡಿ, ಅಡುಗೆಮನೆಗೆ ಹೋಗಿ ನೀರಿನ ಪಾತ್ರೆಯ ಮುಚ್ಚಳವನ್ನು ಎತ್ತಿಕೊಂಡು ಬಂದಳು. "ನೋ ಅಮ್ಮಾ, ದಿಸ್ ಒನ್," ಎಂದಳು. ಯಾಕೆ ಎಂದರೆ ಚಮಚದಿಂದ ಬಡಿದು ತೋರಿಸಿದಳು. ಪ್ಲಾಸ್ಟಿಕ್ಕಿಗೆ ಆ ಸದ್ದಿಲ್ಲ. ಅಂಚು ಮಡಚಿದ, ಕಪ್ಪುಬಿದ್ದ ಆ ತಟ್ಟೆಯನ್ನು ಇಂಗ್ಲಿಷ್ ಶಾಲೆಯ ಚೀಲದೊಳಗೆ ಇಡಲು ನನ್ನ ಕೈ ಒಂದು ಗಳಿಗೆ ಹಿಂಜರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮವರು ಆಗಲೇ ಸ್ಕ್ರೂಡ್ರೈವರು ತೆಗೆದುಕೊಂಡು ನೆಲದ ಮೇಲೆ ಕೂತಿದ್ದರು. ತಟ್ಟೆಯನ್ನು ಕವುಚಿ ಹಾಕಿ, ವಾಲಿದ 'ಸ'ದ ಪಕ್ಕದಲ್ಲಿ ನೆಟ್ಟಗೆ ಒಂದು 'ಅ' ಕೊರೆದರು.

ಮೂರು ವರ್ಷದ ಮೇಲೆ ಅವರು ನಿಜವಾಗಿಯೂ ಅಂಗಡಿಯ ಮ್ಯಾನೇಜರಾದರು. ಆ ವರ್ಷದ ಅರ್ಜಿಯಲ್ಲಿ ರಿಯಾಯಿತಿಯ ಕಾಲಂ ಮೇಲೆ ತಾವೇ ಗೆರೆ ಎಳೆದು, ಉದ್ಯೋಗದ ಮುಂದೆ ಅದೇ ಹಳೆಯ ಶಬ್ದ ಬರೆದರು. ಈ ಸಲ ಪ್ರಮಾಣಪತ್ರವನ್ನೂ ಲಗತ್ತಿಸಿದರು, ಯಾರೂ ಕೇಳದಿದ್ದರೂ.

ತಟ್ಟೆ ಮತ್ತೆ ನೀರಿನ ಪಾತ್ರೆಯ ಮೇಲೆಯೇ ಇದೆ. ಸಂಜೆ ಮುಚ್ಚಳ ತೆಗೆದರೆ ಅಡಿಭಾಗದ ತುಂಬ ಹಬೆಯ ಹನಿಗಳು. ಸೆರಗಿನಿಂದ ಒರೆಸುತ್ತೇನೆ, ಎರಡು ಅಕ್ಷರಗಳು ಬೆರಳಿಗೆ ಸಿಗುತ್ತವೆ. ಒಂದನ್ನು ಎಳೆದವಳು ಬೀಡಿ ಕಟ್ಟುತ್ತಿದ್ದಳು, ಇನ್ನೊಂದನ್ನು ಕೊರೆದವರು ಅಂದು ಕೌಂಟರ್ ಸೇಲ್ಸ್‌ಮನ್ ಆಗಿದ್ದರು.