ಕಾಠ್ಮಂಡುವಿನಲ್ಲಿ ಇಂದ್ರಮ್ಮನಿಗೆ ಬೇಕಾದ ಒಂದು ದಿನ

ಬೆಳಿಗ್ಗೆ ಐದೂವರೆ. ಮದ್ದೂರಿನ ಹೆದ್ದಾರಿ ಪಕ್ಕದ ಶೆಡ್ಡಿನ ಮುಂದೆ ಯಾತ್ರೆಯ ಬಸ್ಸು ನಿಂತಿದೆ. ಸಾಮಾನು ತುಂಬುವ ಗೂಡಿನೊಳಗೆ ಅರ್ಧ ಮೈ ತೂರಿಸಿಕೊಂಡು ಇಂದ್ರಮ್ಮ ರಾಗಿ ಹಿಟ್ಟಿನ ಚೀಲಗಳನ್ನು ಒಳಕ್ಕೆ ತಳ್ಳುತ್ತಿದ್ದಾರೆ. ಅದರ ಹಿಂದೆ ಹುರಳಿಕಾಳು, ಹುಣಸೆಹಣ್ಣು, ಖಾರದ ಪುಡಿ, ಎರಡು ಒಲೆ, ತಳ ಕರಿಗಟ್ಟಿದ ತಪ್ಪಲೆ, ಮುದ್ದೆ ತಿರುವುವ ಕೋಲು. "ಕೋಲು ಮ್ಯಾಲಿರ್ಲಿ ಕಣಪ್ಪ, ಅದ್ನ ಉಡುಕ್ತಾ ಕೂತ್ರೆ ಜನ ಉಪಾಸ" ಎಂದು ಚಾಲಕ ರಾಜೇಂದ್ರ ಅವರಿಗೆ ಹೇಳುತ್ತಾರೆ.

ಮಳವಳ್ಳಿಯ ಇಂದ್ರಮ್ಮನಿಗೆ ಐವತ್ತಾರು ವರ್ಷ. ಹತ್ತೊಂಬತ್ತು ವರ್ಷದಿಂದ ಯಾತ್ರೆ ಬಸ್ಸಿನ ಅಡುಗೆಯವರು. ಕಾಶಿಗೆ ಎಷ್ಟು ಸಲ ಹೋಗಿದ್ದೀರಿ ಎಂದರೆ ಇಪ್ಪತ್ತೆರಡೋ ಇಪ್ಪತ್ಮೂರೋ ಎನ್ನುತ್ತಾರೆ. ಹಳೆಯ ಪಟ್ಟಿಗಳು ಸಿಗದ ಕಾರಣ ಖಚಿತಪಡಿಸಿಕೊಳ್ಳಲು ನನಗೆ ಆಗಲಿಲ್ಲ. ಪುರಿ, ಹರಿದ್ವಾರ, ದೆಹಲಿ ಆಗಿವೆ. ಗಡಿ ದಾಟಿ ನೇಪಾಳದ ಕಾಠ್ಮಂಡುವಿಗೆ ಏಳು ಸಲ. ಯಾವ ಊರಿನ ಬಗ್ಗೆ ಕೇಳಿದರೂ ಅವರಿಗೆ ನೆನಪಿರುವುದು ಬಸ್ಸು ನಿಲ್ಲಿಸುವ ಜಾಗ: ನಲ್ಲಿ ಎಲ್ಲಿದೆ, ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಬಂದು ಒಲೆ ಆರಿಸುತ್ತದೆ. "ಜನ ದೇವ್ರ ನೋಡ್ಕೊಂಡ್ ಬರೋವೊತ್ಗೆ ಸಾರು ಆಗಿರ್ಬೇಕು. ನಾನೆಲ್ಲಿ ಊರು ನೋಡ್ಲಿ?"

ಈ ಸಲ ಹದಿನೆಂಟು ದಿನ, ನಲವತ್ತಾರು ಜನ. ದಿನಕ್ಕೆ ಮೂರು ಹೊತ್ತಿನ ಅಡುಗೆ, ಇಪ್ಪತ್ತೈದು ಬಿಂದಿಗೆ ನೀರು. ಇಂದ್ರಮ್ಮನ ಕೈಗಳಲ್ಲಿ ಮೊಣಕೈವರೆಗೆ ಸುಟ್ಟ ಕಲೆಗಳಿವೆ.

ಹೊರಡುವ ಮೊದಲು ಹೊಸಬರಿಗೆ ಇಂದ್ರಮ್ಮ ಬುದ್ಧಿ ಹೇಳುತ್ತಾರೆ. ನೇಪಾಳಕ್ಕೆ ವೋಟರ್ ಕಾರ್ಡು ಇಟ್ಟುಕೊಳ್ಳಬೇಕು, ಆಧಾರ್ ಒಂದೇ ಸಾಲದು. ಗಡಿ ದಾಟಿದ ಮೇಲೆ ನಮ್ಮ ಫೋನನ್ನು ನಂಬಿ ಗುಂಪು ಬಿಡಬಾರದು. ಗಡಿಯಾರ ಕಾಲು ಗಂಟೆ ಮುಂದಿಡಬೇಕು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಬಾಗಿಲಿನಿಂದಲೇ ಹೊರಗೆ ಬರಬೇಕು. ದಾರಿ ತಪ್ಪಿದರೆ ಅಲೆಯದೆ, ನಮ್ಮವರನ್ನು ಕಡೆಯದಾಗಿ ಕಂಡ ಜಾಗದಲ್ಲೇ ಕೂರಬೇಕು. ಬಸ್ಸು ನಿಂತ ಜಾಗದ ಹೆಸರನ್ನು ಆ ಊರಿನ ಲಿಪಿಯಲ್ಲಿ ಬರೆಸಿ ಒಳಜೇಬಿನಲ್ಲಿಟ್ಟುಕೊಳ್ಳಬೇಕು. ಕೊನೆಯ ಎರಡು ಮಾತು ಸೇರಿದ್ದು ಮೂರು ವರ್ಷದಿಂದೀಚೆಗೆ.

ಅದಕ್ಕೆ ಮೊದಲು ಈ ಬಸ್ಸಿನಲ್ಲಿ ತಲೆ ಎಣಿಸುತ್ತಿರಲಿಲ್ಲ, ಮುದ್ದೆ ಎಣಿಸುತ್ತಿದ್ದರು. ಮಧ್ಯಾಹ್ನ ತಲೆಗೊಂದರಂತೆ ಮುದ್ದೆ ಕಟ್ಟಿ ಬುಟ್ಟಿಯಲ್ಲಿಡುವುದು; ಇನ್ನೂ ಬೇಕೆಂದವರಿಗೆ ಅನ್ನ. ಬುಟ್ಟಿ ಬರಿದಾದರೆ ಎಲ್ಲರೂ ಬಂದು ಉಂಡರು ಎಂದರ್ಥ. ಚಾಲಕ "ಬುಟ್ಟಿ ಖಾಲಿನಾ?" ಎಂದು ಕೇಳಿ ಬಸ್ಸು ಹೊರಡಿಸುತ್ತಿದ್ದರು. ವರ್ಷಗಟ್ಟಲೆ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ.

ಮೂರು ವರ್ಷದ ಹಿಂದೆ ಕಾಠ್ಮಂಡುವಿನಲ್ಲಿ, ಹೊರಡುವ ದಿನದ ಊಟದ ಹೊತ್ತು. "ಇನ್ನೊಂದ್ ಮುದ್ದೆ ಅದಾ ಅವ್ವಾ ಅಂದ್ರು ಒಬ್ರು. ಬುಟ್ಟೀಲಿ ಒಂದಿತ್ತು. ಪಾಪ ಅಸ್ಕೊಂಡವ್ರೆ, ಜಾಸ್ತಿ ಕಟ್ಟಿವ್ನೇನೋ ಅಂತ ಕೊಟ್ಬುಟ್ಟೆ. ಅದು ಹೊನ್ನಯ್ಯನ ಮುದ್ದೆ."

ಹೊನ್ನಯ್ಯ ದುದ್ದದ ರೈತ, ಆಗ ಎಪ್ಪತ್ತೊಂದು ವರ್ಷ. ಜೊತೆಗೆ ಯಾರೂ ಇರಲಿಲ್ಲ, ಮಾತೂ ಕಡಿಮೆ. ಬುಟ್ಟಿ ಖಾಲಿಯಾಗಿತ್ತು, ಬಸ್ಸು ಹೊರಟಿತು. ಮೂರು ಗಂಟೆಯ ಹಾದಿ ಸಾಗಿ ಚಹಾಕ್ಕೆ ನಿಲ್ಲಿಸಿದಾಗ ಅವರ ಸೀಟಿನ ಮೇಲೆ ಬ್ಯಾಗು ಮಾತ್ರ ಇತ್ತು. ಹಿಂದಿರುಗಿ ಎರಡು ದಿನ ಹುಡುಕಿದರು, ಪೊಲೀಸರಿಗೆ ದೂರು ಕೊಟ್ಟರು. ಮೂರನೆಯ ದಿನ ಉಳಿದವರನ್ನು ಕರೆದುಕೊಂಡು ಹೊರಡಲೇಬೇಕಾಯಿತು. ಹೊನ್ನಯ್ಯ ಇವತ್ತಿಗೂ ಸಿಕ್ಕಿಲ್ಲ.

ಎರಡನೆಯ ಮುದ್ದೆ ಕೇಳಿದವರ ಹೆಸರನ್ನು ಇಂದ್ರಮ್ಮ ಯಾರಿಗೂ ಹೇಳಿಲ್ಲ. ನಾನು ಎರಡು ಸಲ ಕೇಳಿದೆ, ಕೇಳಬಾರದಿತ್ತೇನೋ. "ಉಣ್ಣೋದು ತಪ್ಪಾ? ಕೊಟ್ಟೋಳು ನಾನು" ಎಂದರು.

ಆರು ಗಂಟೆಗೆ ಹೊನ್ನಯ್ಯನ ಮಗಳು ವನಜಾ ಬರುತ್ತಾರೆ. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಪಾಳಿಗೆ ಹೋಗುವ ದಾರಿಯಲ್ಲಿ ಇಳಿದಿದ್ದಾರೆ. ಅಪ್ಪನ ಫೋಟೊ ಇರುವ, ನೇಪಾಳಿಯಲ್ಲಿ ಅಚ್ಚು ಹಾಕಿಸಿದ ಇನ್ನೂರು ಹಾಳೆಗಳನ್ನು ಕೊಡುತ್ತಾರೆ. ಮೊದಲ ವರ್ಷ ಇವರು ಮಳವಳ್ಳಿಗೆ ಹೋಗಿ, ಬೀದಿಯವರೆಲ್ಲ ಕೇಳುವಂತೆ ಇಂದ್ರಮ್ಮನನ್ನು ಬೈದು ಬಂದಿದ್ದರು. ಅದನ್ನು ಇಬ್ಬರೂ ಮುಚ್ಚಿಡುವುದಿಲ್ಲ. "ಬೈದಿದ್ದು ಸುಳ್ಳಲ್ಲ ಕಣಕ್ಕ. ಆದ್ರೆ ಅಲ್ಲಿಗೆ ಓಗೋರು ನೀವೊಬ್ರೇಯ" ಎನ್ನುತ್ತಾರೆ ವನಜಾ. ಇಂದ್ರಮ್ಮ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾರೆ.

ಆ ಘಟನೆಯ ನಂತರ ಬಸ್ಸು ಎರಡು ಸಲ ಕಾಠ್ಮಂಡುವಿಗೆ ಹೋಗಿದೆ. ಮೂರು ಹೊತ್ತಿನ ಅಡುಗೆಯ ನಡುವೆ ಇಂದ್ರಮ್ಮನಿಗೆ ಹಾಳೆ ಹಂಚಲು ಆದದ್ದು ಬಸ್ಸಿನ ಸುತ್ತಲ ನಾಲ್ಕಾರು ಅಂಗಡಿಗಳಿಗಷ್ಟೆ. ಮುಂದಿನ ವರ್ಷದಿಂದ ಯಾತ್ರೆ ಕಾಶಿಗೇ ಮುಗಿಯುತ್ತದೆ, ನೇಪಾಳ ಇಲ್ಲ ಎಂದು ಬಸ್ಸಿನ ಮಾಲೀಕ ಶಿವರಾಮು ಹೇಳಿದ್ದಾರೆ. ಹಾಗಾಗಿ ಇಂದ್ರಮ್ಮ ಒಂದು ತಿಂಗಳಿನಿಂದ ಒಂದೇ ಮಾತು ಕೇಳುತ್ತಿದ್ದಾರೆ: ಕಾಠ್ಮಂಡುವಿನಲ್ಲಿ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ, ಅಡುಗೆಯಿಂದ ಬಿಡುವು. ಊಟ ಕೊಡುತ್ತೇವೆಂದು ಜನರನ್ನು ಕರೆದು ಹಸಿದುಕೊಂಡಿರಿ ಎನ್ನುವುದು ಹೇಗೆ ಎಂಬುದು ಶಿವರಾಮು ಅವರ ತೊಡಕು. ಅದೂ ತಪ್ಪಲ್ಲ. ಇವತ್ತು ಅವರು, ಉಣ್ಣುವವರನ್ನೇ ಕೇಳಿ ಎಂದುಬಿಟ್ಟಿದ್ದಾರೆ.

ಎಲ್ಲರೂ ಹತ್ತಿದ ಮೇಲೆ ಇಂದ್ರಮ್ಮ ಬಸ್ಸಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಮೂರು ವರ್ಷ ಆದ ಮೇಲೆ ಹುಡುಕಿ ಏನು ಪ್ರಯೋಜನ ಎಂದು ಹಿಂದಿನ ಸೀಟಿನಿಂದ ಯಾರೋ ಗೊಣಗುತ್ತಾರೆ. ಕೆಳಗೆ ನಿಂತ ವನಜಾ ಅವರಿಗೆ ಅದು ಕೇಳಿಸಿರಬೇಕು, ತಲೆ ತಗ್ಗಿಸುತ್ತಾರೆ.

ಆಗ ಶಿವನಸಮುದ್ರದ ವಿದ್ಯುದಾಗಾರದಲ್ಲಿದ್ದು ನಿವೃತ್ತರಾದ, ಹಿಂದೆಯೂ ಈ ಬಸ್ಸಿನಲ್ಲಿ ಯಾತ್ರೆಗೆ ಬಂದಿದ್ದ ಕೆಂಪಯ್ಯ ಎದ್ದು ನಿಲ್ಲುತ್ತಾರೆ. "ಅವತ್ತೊಂದಿನ ಅವಲಕ್ಕಿ ನೆನ್ಸ್ಕೊಂಡು ತಿನ್ನನ ಬುಡ್ರಪ್ಪ. ಇವ್ರ ಉಪ್ಪಿಲ್ದಿರೋ ಸಾರಿಗಿಂತ ಅದೇ ವಾಸಿ." ಕೆಲವರು ನಗುತ್ತಾರೆ. ಇಂದ್ರಮ್ಮ ನಗುವುದಿಲ್ಲ. ಬೇಡವೆಂದು ಎದ್ದು ಹೇಳಿದವರು ಯಾರೂ ಇಲ್ಲ, ಗೊಣಗಾಟವೂ ನಿಲ್ಲುವುದಿಲ್ಲ. ಕತ್ತಲಾಗುವುದರೊಳಗೆ ಬಸ್ಸಿನ ಹತ್ತಿರ ಇರಬೇಕು ಎಂದು ಹೇಳಿ, ಬಸ್ಸು ಕಳಿಸಲು ಬಂದಿರುವ ಶಿವರಾಮು ಒಪ್ಪುತ್ತಾರೆ.

ವನಜಾ ಪಾಳಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ಹೊನ್ನಯ್ಯ ಸಿಗುತ್ತಾರೆ ಅನ್ನಿಸುತ್ತದೆಯೇ ಎಂದು ಇಂದ್ರಮ್ಮನನ್ನು ಕೇಳುತ್ತೇನೆ. ಅವರು ಹೆದ್ದಾರಿ ದಾಟುತ್ತಿರುವ ವನಜಾ ಅವರನ್ನೇ ನೋಡುತ್ತಾರೆ.

"ಸಿಗ್ತಾರೆ ಅಂತ ನಾನ್ ಯೋಳಾಕಿಲ್ಲ. ಯಾವ್ ಯಾವ್ ಬೀದಿಲಿ ಉಡುಕ್ದೆ ಅಂತ ಆ ಮಗೀಗೆ ಬಂದು ಯೋಳಂಗಾದ್ರೆ ಸಾಕು."