ಲೇಬಲ್ ಕೆರೆದ ಡಬ್ಬ

ಕಳೆದ ಸೋಮವಾರ ಇಡೀ ಹಗಲು ನಾನು ಒಂದು ಖಾಲಿ ಡಬ್ಬಕ್ಕೆ ಹೆದರಿಕೊಂಡು ಕೂತಿದ್ದೆ. ನಗಬೇಡಿ. ಆ ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ.

ಶಿರಾದ ನಮ್ಮ ಬೀದಿಗೆ ಕಸದ ಗಾಡಿ ದಿನಾ ಬೆಳಗ್ಗೆ ಹಾಡು ಹಾಕಿಕೊಂಡು ಬರುತ್ತದೆ. ಹಸಿ ಕಸ ಬೇರೆ, ಒಣ ಕಸ ಬೇರೆ. ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಸ್ಟ್ರಿಕ್ಟು. ಹಾಲಿನ ಕವರನ್ನು ತೊಳೆದು ತಂತಿಗೆ ಸಿಕ್ಕಿಸುತ್ತೇನೆ. ಸಾಸ್ ಬಾಟಲಿಯ ತಳಕ್ಕೆ ಕಡ್ಡಿ ಹಾಕಿ ತಿಕ್ಕುತ್ತೇನೆ. (ಊಟದ ತಟ್ಟೆಗೂ ಇಷ್ಟು ಮರ್ಯಾದೆ ಇಲ್ಲ ಎಂಬುದು ನಮ್ಮ ಯಜಮಾನರ ದೂರು.) ಒಂದು ಜಿಡ್ಡಿನ ಡಬ್ಬ ಸೇರಿದರೆ ಜೊತೆಗಿರುವ ಪೇಪರು, ರಟ್ಟು ಎಲ್ಲ ಹಾಳು ತಾನೇ?

ಭಾನುವಾರ ಗೌಡಗೆರೆಯಿಂದ ನನ್ನ ಮೈದುನ ಕಡ್ಲೇಕಾಯಿ ತಂದುಕೊಟ್ಟ. ಅವನ ಬೈಕಿನಲ್ಲಿದ್ದ ಐದು ಲೀಟರಿನ ಖಾಲಿ ಡಬ್ಬವೊಂದು ನಮ್ಮಲ್ಲೇ ಉಳಿಯಿತು. ಹೊಲಕ್ಕೆ ಹೊಡೆಯುವ ಔಷಧಿಯದು. ಬಿಸಿನೀರು, ಸೋಪು ಹಾಕಿ ತೊಳೆದೆ. ಲೇಬಲ್ ನೆನೆಸಿ ಚಾಕುವಿನಲ್ಲಿ ಕೆರೆದೆ. ಕಾಂಪೌಂಡ್ ಮೇಲೆ ಬಿಸಿಲಿಗಿಟ್ಟೆ. ಬಿಳೀ ಡಬ್ಬ, ಬಿಗಿಯಾದ ಮುಚ್ಚಳ, ಹೊಸದರಂತೆ ಆಗಿಹೋಯಿತು.

ಸೋಮವಾರ ಬೆಳಗ್ಗೆ ಅದನ್ನು ಗೇಟಿನ ಹೊರಗೆ ಇಡುವಾಗ ಎದುರು ಮನೆಯ ಲಕ್ಕಮ್ಮ ಅದೇನೆಂದು ಕೇಳಿದರು. ಔಷಧಿ ಡಬ್ಬ, ಕಸಕ್ಕೆ ಎಂದು ಹೇಳಿ ಒಳಗೆ ಬಂದೆ. ಗಾಡಿ ಬರುವ ಹೊತ್ತಿಗೆ ಡಬ್ಬ ಇರಲಿಲ್ಲ. ಯಾರಿಗೋ ಉಪಯೋಗಕ್ಕೆ ಬಂತಲ್ಲ ಎಂದು ಖುಷಿಯೇ ಆಯಿತು.

ಆಮೇಲೆ ಲಕ್ಕಮ್ಮನ ಸೊಸೆ ಸುಧಾ ಹೆಪ್ಪಿಗೆ ಮೊಸರು ಕೇಳಲು ಬಂದಳು. ತುಂಬು ಬಸುರಿ. ಅತ್ತೆ ಸಿದ್ದರಬೆಟ್ಟಕ್ಕೆ ಹೋಗಿದ್ದಾರೆ ಎಂದಳು. ಬೆಟ್ಟದ ನೀರಿನಲ್ಲಿ ಗಿಡಮೂಲಿಕೆಯ ಗುಣವಿದೆ, ಬಸುರಿ ಕುಡಿದರೆ ಮಗುವಿಗೆ ಒಳ್ಳೆಯದು ಎಂಬುದು ಲಕ್ಕಮ್ಮನ ನಂಬಿಕೆ.

"ನಿಮ್ ಗೇಟ್ ತಾವ ಇದ್ದ ಡಬ್ಬನೇ ತಗೊಂಡೋದ್ರು ಕಣಕ್ಕ. ಔಷಧಿ ನೀರ್ ತರಾಕೆ ಔಷಧಿ ಡಬ್ಬನೇ ಸಿಕ್ತು ಅಂದ್ರು."

ಮೊಸರಿನ ಬಟ್ಟಲನ್ನು ಅಲ್ಲೇ ಕೆಳಗಿಟ್ಟೆ.

ಜ್ವರಕ್ಕೆ ಕುಡಿಯುವುದೂ ಔಷಧಿ, ಹುಳ ಸಾಯಲೆಂದು ಹೊಡೆಯುವುದೂ ಔಷಧಿ. ವಿಷವನ್ನು ವಿಷ ಎನ್ನಲು ನಮಗೇಕೆ ಇಷ್ಟು ಸಂಕೋಚ?

ಲಕ್ಕಮ್ಮನಿಗೆ ಫೋನ್ ಮಾಡಿದೆ. ಅದು ಎದುರು ಮನೆಯೊಳಗೇ ರಿಂಗಾಯಿತು. ಚಾರ್ಜಿಗೆ ಹಾಕಿ ಮರೆತು ಹೋಗಿದ್ದರು. ಪಾವಗಡದಲ್ಲಿ ಡ್ಯೂಟಿಯಲ್ಲಿದ್ದ ಯಜಮಾನರಿಗೆ ಮಾಡಿದೆ. ತೊಳೆದಿದ್ದೀಯಲ್ಲ, ಏನೂ ಆಗಲ್ಲ ಬಿಡು ಎಂದರು. ನಮ್ಮಲ್ಲಿ ಆಗಬಾರದ್ದೆಲ್ಲ ಆಗುವುದು ಈ ಮಾತು ಹೇಳಿದ ಮೇಲೇ ಅಲ್ಲವೇ?

ಬಚ್ಚಲಿನ ಜಾಲರಿಯಲ್ಲಿ ಲೇಬಲಿನ ಚೂರು ಸಿಕ್ಕಿಕೊಂಡಿತ್ತು. ಎತ್ತಿ ನೋಡಿದೆ. ಕೆಂಪು ಬಣ್ಣ, ತಲೆಬುರುಡೆಯ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ, ಖಾಲಿ ಡಬ್ಬವನ್ನು ಮತ್ತೆ ಬಳಸಬೇಡಿ, ತೂತು ಮಾಡಿ ಎಂದಿತ್ತು. ಎಚ್ಚರಿಸಲು ಇದ್ದದ್ದು ಅದೊಂದೇ ಕಾಗದ. ಅದನ್ನೇ ನಾನು ಕೂತು ಕೆರೆದಿದ್ದೆ. ಗಲೀಜಾಗಿ ಬಿಟ್ಟಿದ್ದರೆ ಲಕ್ಕಮ್ಮ ಅದನ್ನು ಮುಟ್ಟುತ್ತಲೂ ಇರಲಿಲ್ಲ.

ಸುಧಾಗೆ ಪೂರ್ತಿ ಹೇಳಲು ಬಾಯಿ ಬರಲಿಲ್ಲ. ಅತ್ತೆ ತರುವ ನೀರು ಮಾತ್ರ ಕುಡಿಯಬೇಡ ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ. ಬೆಟ್ಟದಿಂದ ಬರುವ ದಾರಿ ಮಧುಗಿರಿ ಮೇಲೆಯೇ, ಆ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಇಣುಕಿದೆ. ಬೆಟ್ಟದ ಮೆಟ್ಟಿಲು ಹತ್ತಿ ಬಾಯಾರಿ ಲಕ್ಕಮ್ಮ ಅದರಲ್ಲೇ ಕುಡಿದಿದ್ದರೆ? ಯಾರದೋ ಮಗು ನೀರು ಕೇಳಿದ್ದರೆ? ಲಕ್ಕಮ್ಮ ಇಲ್ಲ ಎನ್ನುವ ಜೀವವೇ ಅಲ್ಲ. ಅವರ ಒಳ್ಳೆಯತನಕ್ಕೂ ಅವತ್ತು ಹೆದರಿದೆ.

ಬಿಸಿಲು ಇಳಿದ ಮೇಲೆ ಬಂದರು. ಡಬ್ಬ ಸೊಂಟದ ಮೇಲಿತ್ತು, ತುಂಬಿತ್ತು. ಕುಡಿದಿರಾ ಎಂದು ಕೇಳಿದೆ.

"ನಾನ್ಯಾಕ್ ಕುಡೀಲಿ ಕಣಮ್ಮ? ಮೊದ್ಲು ಸುಧಾ ಕುಡೀಲಿ ಅಂತ ತುಂಬಿದ್ ಮೇಲೆ ಮುಚ್ಚಳನೇ ಬಿಚ್ಚಿಲ್ಲ."

ಅಲ್ಲೇ ಅಳು ಬಂದುಬಿಟ್ಟಿತು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಡಬ್ಬವನ್ನು ನನ್ನ ಕೈಗೆ ಕೊಟ್ಟು ಸೆರಗಿಗೆ ಕೈ ಒರೆಸಿಕೊಂಡರು.

ಹಿತ್ತಲಲ್ಲಿ ಗುಂಡಿ ತೋಡಿ ನೀರು ಚೆಲ್ಲಿದೆ. ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿ, ವಿಷ ಎಂದು ದಪ್ಪಗೆ ಬರೆದು, ಒಣ ಕಸಕ್ಕೆ ಸೇರಿಸದೆ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಟ್ಟೆ. ಹಾಲಿನ ಕವರ್ ತೊಳೆಯಿರಿ, ಬಾಟಲಿ ಒಣಗಿಸಿ, ಬೇಡ ಎನ್ನುವುದಿಲ್ಲ. ಇಂಥ ಡಬ್ಬವನ್ನು ಮಾತ್ರ ಚೆಂದ ಮಾಡಿ ಬೀದಿಗೆ ಇಡಬೇಡಿ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಒಗ್ಗರಣೆಗೆ ಎಣ್ಣೆ ಬಗ್ಗಿಸುವಾಗ ಕೈ ನಿಂತಿತು. ಗಾಣದಿಂದ ಎಣ್ಣೆ ತರುವ ನಮ್ಮ ಡಬ್ಬವನ್ನು ಗುಜರಿ ಅಂಗಡಿಯಲ್ಲಿ ಆರಿಸಿ ತಂದವಳು ನಾನೇ. ಎಲ್ಲಕ್ಕಿಂತ ಶುಚಿಯಾಗಿದೆ ಎಂದೇ ಆರಿಸಿದ್ದೆ.

ಅದರ ಲೇಬಲ್ ಕೆರೆದವರು ಯಾರು?