ನೀವು ಏನನ್ನೂ ಒತ್ತಿರಲಿಲ್ಲ

ಸವಿತಾ ಅವರೇ, ನಿಮ್ಮ ಅಂಗಡಿಯನ್ನು ಅಳಿಸಿದವನು ನಾನು. ನೀವಲ್ಲ, ಹೊರಗಿನ ಯಾವ ಕಳ್ಳನೂ ಅಲ್ಲ — ನಾನೇ, ನನ್ನ ಈ ಕೈಯೇ. ಅದು ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಆ ಅಪವಾದ ನಿಮ್ಮ ತಲೆಗೆ ಬಂದಾಗ ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ನಾನು ಮೊದಲಿನಿಂದಲೂ ಪುಕ್ಕಲ, ಅದನ್ನಾದರೂ ಮುಚ್ಚಿಡುವುದು ಬೇಡ.

ನಾಳೆ ಇದನ್ನು ನಿಮ್ಮೆದುರು ಓದಬೇಕೆಂದಿದ್ದೇನೆ. ಅದಕ್ಕೂ ಮೊದಲು ಕಸ್ತೂರಿ ಅಕ್ಕನ ಎದುರು. ಬಾಯಿಮಾತಿನಲ್ಲಿ ಹೇಳಹೋದರೆ ನಡುವೆ ಎಲ್ಲೋ ಮಾತು ಹೊರಳಿಸಿಬಿಡುತ್ತೇನೆ ಎಂಬ ಭಯ — ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ, ನೀವೇ ನೋಡಿದ್ದೀರಿ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತಿದ್ದೇನೆ.

ನೀವಿಬ್ಬರೂ ಸಾರವಾಡದಿಂದ ಬಸ್ಸಿಳಿದು ಇಬ್ರಾಹಿಂಪುರದ ನಮ್ಮ ಮನೆ ಹುಡುಕಿಕೊಂಡು ಬಂದ ದಿನ ನೆನಪಿದೆ. ಒಂದೇ ಮನೆಗೆ ಸೊಸೆಯರಾಗಿ ಬಂದ ನೆಗೆಣ್ಣಿಯರು ನೀವು. ಕಸ್ತೂರಿ ಅಕ್ಕನ ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ನಿಮ್ಮ ಕೈಯಲ್ಲಿ ಫೋನು. ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಇವನ್ನು ಆನ್‌ಲೈನಿನಲ್ಲಿ ಮಾರಬೇಕು, ಅದಕ್ಕೊಂದು ವೆಬ್‌ಸೈಟ್ ಬೇಕು ಅಂದಿರಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬೋರ್ಡು ಹಾಕಿಕೊಂಡು ಕೂತವನು. ವೆಬ್‌ಸೈಟ್ ಕಟ್ಟಿಕೊಡುವುದು, ಅದನ್ನು ಇಡಲು ಜಾಗ ಕೊಡುವುದು — ಹೋಸ್ಟಿಂಗ್ ಅನ್ನುತ್ತಾರಲ್ಲ — ಎರಡೂ ನನ್ನವೇ ಕೆಲಸ.

ಕಸ್ತೂರಿ ಅಕ್ಕ ಎಲ್ಲದಕ್ಕೂ ಹೂಂ ಅಂದರು. ಕೇಳಬೇಕಾದ್ದನ್ನು ಕೇಳಿದವರು ನೀವೊಬ್ಬರೇ.

"ಅಂಗಡಿ ಅಂದ ಮ್ಯಾಲ ಜಾಗಾ ಬೇಕಲ್ರಿ. ನಮ್ಮ ಜಾಗಾ ಎಲ್ಲೈತ್ರಿ ಅಣ್ಣಾರ?"

"ಮುಂಬೈದಾಗ ಐತ್ರಿ," ಅಂದೆ. "ದೊಡ್ಡ ಡೇಟಾ ಸೆಂಟರ್. ಎಸಿ ಐತಿ, ಜನರೇಟರ್ ಐತಿ, ಕಾವಲು ಅದಾರ. ದಿನಾ ಒಂದು ನಕಲು ತಗದಿಡ್ತಾರ. ನೀವು ನಿಶ್ಚಿಂತಿ ಇರ್ರಿ."

ಆವತ್ತಿಗೆ ಅದು ಸುಳ್ಳಾಗಿರಲಿಲ್ಲ. ಒಳ್ಳೆಯ ಕಂಪನಿಯೊಂದರಲ್ಲಿ ಜಾಗ ಬಾಡಿಗೆಗೆ ಹಿಡಿದಿದ್ದೆ. ಆಮೇಲೆ ಬಾಡಿಗೆ ಏರಿತು, ನನಗೆ ಜಾಣತನ ಬಂತು. ಹಳೆಯದೊಂದು ಕಂಪ್ಯೂಟರ್ ತಂದು, ನಮ್ಮ ಮನೆಯ ದೇವರ ಮಾಡದ ಕೆಳಗೇ ಇಟ್ಟು, ಎಲ್ಲ ಗಿರಾಕಿಗಳ ವೆಬ್‌ಸೈಟ್‌ಗಳನ್ನೂ ಅದರೊಳಗೆ ತುಂಬಿದೆ. ಹಿಂದೆ ಇನ್ವರ್ಟರ್ ಇತ್ತು. ದಿನವೂ ನಕಲು ತೆಗೆಯುತ್ತಿದ್ದೆ, ಅದು ನಿಜ — ಆದರೆ ಆ ನಕಲೂ ಅದೇ ಡಬ್ಬಿಯೊಳಗೆ. ಮನೆಯ ಎರಡೂ ಬೀಗದ ಕೈ ಒಂದೇ ದಾರಕ್ಕೆ ಕಟ್ಟಿ ಇಟ್ಟವನಿಗೆ ಏನನ್ನುತ್ತಾರೋ ನನಗೂ ಅದನ್ನೇ ಅನ್ನಿ. ನಿಮಗೆ ಮಾತ್ರ ಮುಂಬೈ ಅಂತಲೇ ಹೇಳುತ್ತಾ ಬಂದೆ.

ನಿಮ್ಮ ಅಂಗಡಿ ಬೆಳೆಯಿತು. ಪ್ರತಿಯೊಂದು ಚಟ್ನಿಯ ಫೋಟೋ ನೀವು ತೆಗೆದದ್ದು, ಅಂಗಳದ ಬಿಸಿಲಿನಲ್ಲಿ, ಕೌದಿಯ ಮೇಲಿಟ್ಟು. ಗಿರಾಕಿಗಳ ಒಬ್ಬೊಬ್ಬರ ಹೆಸರಿನ ಮುಂದೆಯೂ ನೀವು ಬರೆದಿಡುತ್ತಿದ್ದಿರಿ — ಪುಣೆಯ ಅಜ್ಜಿಗೆ ಖಾರ ಕಡಿಮೆ, ಹುಬ್ಬಳ್ಳಿಯವರಿಗೆ ಬೆಳ್ಳುಳ್ಳಿ ಬೇಡ. ಹಾಗೆ ನೆನಪಿಟ್ಟದ್ದಕ್ಕೇ ಜನ ಮತ್ತೆ ಮತ್ತೆ ಬಂದರು. ಅದನ್ನೆಲ್ಲ ಹಿಂದಿನಿಂದ ನೋಡುತ್ತಿದ್ದವನು ನಾನು, ನನಗೆ ಗೊತ್ತು.

ಆಮೇಲೆ ಆ ಖಂಡೇನವಮಿ ಬಂತು. ನಮ್ಮ ಕಡೆ ಆವತ್ತು ದುಡಿಯುವ ಯಾವ ಸಾಮಾನಿಗೂ ಕೆಲಸವಿಲ್ಲ. ಟ್ರ್ಯಾಕ್ಟರಿರಲಿ, ಹೊಲಿಗೆ ಯಂತ್ರವಿರಲಿ, ತೊಳೆದು ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಮರುದಿನದವರೆಗೆ ಮುಟ್ಟದೆ ಬಿಡುತ್ತಾರೆ. ಅವ್ವ ಬೆಳಿಗ್ಗೆಯೇ ಹೇಳಿದ್ದಳು. "ಇವತ್ತರ ಒಂದಿನ ಅದನ್ನ ಆರಿಸಿ ಬಿಡೋ ಯಪ್ಪಾ. ಅದಕ್ಕೂ ಜೀವಕ್ಕ ಆರಾಮ ಬೇಕೋ ಬ್ಯಾಡೋ?"

ಆರಿಸುವುದು ಹೇಗೆ? ದೀಪಾವಳಿಯ ಆರ್ಡರುಗಳು ನಿಮ್ಮ ಅಂಗಡಿಗೆ ಬರುತ್ತಿದ್ದವು. ಒಂದು ದಿನ ಅಂಗಡಿ ತೆರೆಯದಿದ್ದರೆ ಮುಂಬೈಗೆ ಏನಾಯಿತು ಅಂತ ನೀವು ಕೇಳುತ್ತೀರಿ — ಆ ಭಯ. ಪೂಜೆ ಬಿಟ್ಟರೆ ಏನಾಗುತ್ತದೋ, ಆ ಭಯವೂ ಇತ್ತು. ಎರಡು ಭಯಗಳ ನಡುವೆ ಓಡುತ್ತಿರುವ ಮಷೀನಿಗೇ ಪೂಜೆ ಮಾಡಿದೆ. ಮೇಲೆ ಕುಂಕುಮ ಹಚ್ಚಿ, ಚೆಂಡು ಹೂವು ಇಟ್ಟು, ಎದುರಿಗೆ ಕಾಯಿ ಒಡೆದೆ. ಕಾಯಿನೀರನ್ನು ಬಟ್ಟಲಲ್ಲಿ ಹಿಡಿದು, ಪ್ರತಿ ವರ್ಷದಂತೆ ಕೈಯಿಂದ ಸುತ್ತಲೂ ಚಿಮುಕಿಸಿದೆ. ಮಷೀನಿನ ನೆತ್ತಿಯ ಮೇಲೆ ಗಾಳಿಯಾಡಲು ಜಾಲರಿ ಇದೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಚಟ್ ಅಂದಿತು. ಸುಟ್ಟ ವಾಸನೆ ಬಂತು. ಒಳಗಿನ ಫ್ಯಾನು ನಿಂತಿತು.

ಅವ್ವ ಅಡುಗೆಮನೆಯಲ್ಲಿದ್ದಳು, ಅವಳಿಗೇನೂ ತಿಳಿಯಲಿಲ್ಲ. ನಾನು ಮಾತ್ರ ಬಟ್ಟಲು ಹಿಡಿದುಕೊಂಡೇ ನಿಂತಿದ್ದೆ. ಬಿಚ್ಚಿ ಒರೆಸಿದೆ, ಒಣಗಿಸಿದೆ, ಹಬ್ಬದ ದಿನವೇ ಸ್ಟೇಷನ್ ರೋಡಿನ ರಿಪೇರಿಯವನನ್ನು ಕಾಡಿಬೇಡಿ ತೋರಿಸಿದೆ. ಅವನು ಒಳಗಿನ ಡಿಸ್ಕೂ ಸುಟ್ಟದ್ದು ನೋಡಿ, "ಏನೂ ಸಿಗಂಗಿಲ್ರಿ," ಅಂದುಬಿಟ್ಟ. ಉಳಿದ ಗಿರಾಕಿಗಳದು ಬರೀ ಹೆಸರು, ಫೋಟೋ ಇದ್ದ ಪುಟಗಳು, ಅವನ್ನು ಮತ್ತೆ ಕಟ್ಟಬಹುದಿತ್ತು. ನಿಮ್ಮದು ಹಾಗಲ್ಲ. ಬಂದ ಆರ್ಡರುಗಳು, ವಿಳಾಸಗಳು, ನೀವು ಬರೆದಿಟ್ಟ ಖಾರದ ಲೆಕ್ಕ, ಎಲ್ಲ ಹೋಗಿತ್ತು.

ಮರುದಿನ ಬನ್ನಿ ಹಬ್ಬ. ಅಂಗಡಿ ತೆರೆಯುತ್ತಿಲ್ಲ ಅಂತ ಕಸ್ತೂರಿ ಅಕ್ಕ ಬಸ್ಸು ಹತ್ತಿ ಒಬ್ಬರೇ ಬಂದರು. ನೀವು ತವರಿಗೆ, ತಿಕೋಟಾಕ್ಕೆ ಹೋಗಿದ್ದಿರಿ, ಅಂಗಡಿಯ ಫೋನು ನಿಮ್ಮ ಹತ್ತಿರವೇ ಇತ್ತು. ನಿಜ ಹೇಳಿದರೆ ಮುಂಬೈಯಿಂದ ಹಿಡಿದು ಎಲ್ಲವೂ ಹೊರಗೆ ಬರುತ್ತದೆ, ಪೊಲೀಸರು ಬರುತ್ತಾರೆ, ಬೋರ್ಡು ಇಳಿಸಬೇಕಾಗುತ್ತದೆ — ತಲೆಯಲ್ಲಿ ಅದೇ ಸುತ್ತುತ್ತಿತ್ತು. ಮೊದಲೇ ಯೋಚಿಸಿ ಇಟ್ಟ ಮಾತಲ್ಲ ಅದು. ಆದರೂ ನನ್ನ ಬಾಯಿಂದಲೇ ಬಂತು.

"ಹೊರಗಿನವರ ಕೆಲಸ ಅಲ್ರಿ ಅಕ್ಕಾ. ಯಾರೋ ಪಾಸ್‌ವರ್ಡ್ ಹಾಕೇ ಅಳಿಸ್ಯಾರ."

ಅವರು ಮೆಲ್ಲಗೆ, "ಪಾಸ್‌ವರ್ಡ್ ಇರೋದು ಇಬ್ಬರ ಕಡೆ. ಒಂದು ನಾ, ಇನ್ನೊಂದು ಸವಿತಾ," ಅಂದರು.

ಆಗ ನಾನು ಇಲ್ಲ ಅನ್ನಬಹುದಿತ್ತು. ಬೇರೆ ಏನಾದರೂ ಆಗಿರಬಹುದು, ನೋಡೋಣ ಅನ್ನಬಹುದಿತ್ತು. ನಾನು ನೆಲ ನೋಡಿದೆ. ನಾನು ನೆಲ ನೋಡಿದ್ದನ್ನು ಅವರು ನೋಡಿದರು. ನಿಮ್ಮ ತವರಿನವರು ಬೇರೆ ಅಂಗಡಿ ಮಾಡು ಅನ್ನುತ್ತಿದ್ದರೆಂಬ ಮಾತು ಆಗಲೇ ಮನೆಯಲ್ಲಿ ಓಡಾಡುತ್ತಿತ್ತಂತೆ, ಅದೂ ಜೊತೆಗೆ ಸೇರಿಕೊಂಡಿತು. ಅಳಿಸಿಹೋದದ್ದೆಲ್ಲ ನೀವೇ ದುಡಿದು ಮಾಡಿದ್ದಲ್ಲವೇ, ತಾನು ಕಟ್ಟಿದ್ದನ್ನು ಯಾರಾದರೂ ತಾನೇ ಅಳಿಸುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ದೀಪಾವಳಿಯೊಳಗೆ ನಿಮ್ಮ ಮನೆಯಲ್ಲಿ ಒಲೆ ಬೇರೆಯಾಯಿತು. ಸಂಕ್ರಾಂತಿಗೆ ನೀವು ಗಂಡನನ್ನು ಕರೆದುಕೊಂಡು ತಿಕೋಟಾಕ್ಕೆ ಹೋಗಿಬಿಟ್ಟಿರಿ ಅಂತ ಕೇಳಿದೆ. ಅಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಿದ್ದೀರಿ ಅಂತಲೂ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಹೇಳಿದಂತೆ. ಇನ್ನೂ ಕೆಟ್ಟದ್ದೊಂದಿದೆ, ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಕಸ್ತೂರಿ ಅಕ್ಕ ಬಂದುಹೋದ ಮೇಲೆ ನೀವು ಫೋನ್ ಮಾಡಿದಿರಿ. ನಿಮ್ಮ ಹೆಸರು ಕಂಡು ಎತ್ತಲೋ ಬೇಡವೋ ಅಂತ ಹಿಂಜರಿದೆ. ಬೈಯುತ್ತೀರಿ ಅಂದುಕೊಂಡಿದ್ದೆ, ನೀವು ಅಳುತ್ತಿದ್ದಿರಿ. "ಅಣ್ಣಾರ, ಖರೇ ಹೇಳ್ರಿ. ನಾ ಗೊತ್ತಿಲ್ದ ಏನರ ಒತ್ತಬಾರದ್ದು ಒತ್ತೇನೇನ್ರಿ? ಬಸ್ಸಿನ್ಯಾಗ ಕುಂತು ಫೋನ್ ನೋಡಾಕತ್ತಿದ್ದೆ..."

"ಇರಬಹುದ್ರಿ," ಅಂದೆ.

ಒಂದೇ ಮಾತು. ಕಸ್ತೂರಿ ಅಕ್ಕನಿಗೆ ಹೇಳಿದ ಸುಳ್ಳು ಅಂಜಿಕೆಯಿಂದ ಬಂದದ್ದು. ಇದು ಹಾಗಲ್ಲ. ನೀವೇ ಹೊರೆ ಹೊರಲು ತಲೆ ಕೊಟ್ಟಿರಿ, ನಾನು ಎತ್ತಿ ಇಟ್ಟೆ. ಫೋನ್ ಇಟ್ಟಮೇಲೆ ನನಗೆ ಹಗುರವಾಯಿತು, ಅದನ್ನೂ ಬರೆಯುತ್ತೇನೆ. ಆವತ್ತು ಊಟ ಸೇರಿತು ನನಗೆ.

ಕಸ್ತೂರಿ ಅಕ್ಕನ ಅಂಗಡಿಯನ್ನು ಹೊಸದಾಗಿ ಕಟ್ಟಿಕೊಟ್ಟೆ. ಈ ಸಲ ನಿಜವಾಗಿಯೂ ನಂಬಬಹುದಾದ ಕಂಪನಿಯಲ್ಲಿ ಇಟ್ಟೆ, ನಕಲು ಬೇರೆ ಊರಿನಲ್ಲಿ ಇರುವಂತೆ ಮಾಡಿದೆ. ಅದು ಚೆನ್ನಾಗಿ ನಡೆಯಿತು, ಅದರ ಹೆಸರಿನಿಂದ ನನಗೂ ಗಿರಾಕಿಗಳು ಬಂದರು. ಪ್ರತಿ ಬನ್ನಿಗೆ ಆ ತಾಯಿ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, "ನೀವು ಹೇಳದಿದ್ರ ನಮಗೆಲ್ಲಿ ಗೊತ್ತಾಗ್ತಿತ್ರಿ," ಅನ್ನುತ್ತಾರೆ. ಆ ಎಲೆಯನ್ನು ಹಿಡಿದುಕೊಂಡು ಮನೆಗೆ ಬರುವ ದಾರಿ ನನಗೆ ಸಾಕಾಗಿಹೋಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ತಿಕೋಟಾ ಅನ್ನುವ ಬೋರ್ಡು ಕಂಡರೂ ಬೇರೆ ಕಡೆ ಮುಖ ತಿರುಗಿಸುತ್ತೇನೆ.

ಈಚೆಗೆ ಬಬಲೇಶ್ವರದಲ್ಲಿ ಹೆಣ್ಣುಮಕ್ಕಳ ಸಂಘದವರು ನನ್ನನ್ನು ಮಾತಾಡಲು ಕರೆದರು. ಒಳ್ಳೆಯ ಹೋಸ್ಟಿಂಗ್ ಆರಿಸುವುದು ಹೇಗೆ, ಸಣ್ಣ ಆನ್‌ಲೈನ್ ವ್ಯಾಪಾರದಲ್ಲಿ ಗೆಲ್ಲುವುದು ಹೇಗೆ — ನಾನು ಹೇಳಬೇಕಂತೆ, ನಾನು. ಹೋದೆ. ಸಾಮಾನು ಎಲ್ಲಿದೆ ಅಂತ ಮೊದಲು ಕೇಳಿರಿ, ಅಂದೆ. ನಕಲು ಬೇರೆ ಜಾಗದಲ್ಲಿ ಇದೆಯೋ ನೋಡಿರಿ, ಅದು ವಾಪಸ್ ಬರುತ್ತದೋ ಇಲ್ಲವೋ ಒಂದು ಸಲ ತರಿಸಿ ನೋಡಿರಿ. ಅಂಗಡಿಯ ಹೆಸರು ನಿಮ್ಮ ಹೆಸರಿನಲ್ಲೇ ನೋಂದಣಿ ಇರಲಿ. ಕೆಟ್ಟು ನಿಂತ ದಿನ ಫೋನ್ ಎತ್ತುವವನ ಹತ್ತಿರ ಹೋಗಿರಿ, ಕಡಿಮೆ ಬೆಲೆಯವನ ಹತ್ತಿರ ಅಲ್ಲ. ಎಲ್ಲ ಸರಿಯಾದ ಮಾತುಗಳೇ. ಜನ ತಲೆದೂಗಿದರು.

ಆಗ ಹಿಂದಿನ ಸಾಲಿನಲ್ಲಿ ನೀವು ಎದ್ದು ನಿಂತಿರಿ. ತಿಕೋಟಾದ ಶೆಡ್ಡಿನ ಹೆಣ್ಣುಮಕ್ಕಳ ಜೊತೆ ಬಂದಿದ್ದಿರಿ.

"ಅಂಗಡಿ ಅಳಿಸಿ ಹೋದ್ರ," ಅಂದಿರಿ, "ಯಾರ ಕೈಯಿಂದ ಹೋತು ಅಂತ ತಿಳೀತೈತೇನ್ರಿ?"

ನಿಮ್ಮ ದನಿಯಲ್ಲಿ ಚುಚ್ಚುಮಾತು ಇರಲಿಲ್ಲ. ನೀವು ನಿಜವಾಗಿಯೂ ಕೇಳುತ್ತಿದ್ದಿರಿ. ಇಷ್ಟು ವರ್ಷ ಅದನ್ನೇ ಕೇಳಿಕೊಳ್ಳುತ್ತಿದ್ದಿರಿ. ನಾನು, "ಒಮ್ಮೊಮ್ಮೆ ತಿಳಿಯೂದಿಲ್ರಿ," ಅಂದುಬಿಟ್ಟೆ. ಮತ್ತೆ. ಅಷ್ಟು ಜನರ ಎದುರು.

ಸಭೆ ಮುಗಿದ ಮೇಲೆ ಓಡಿಹೋಗಲು ನೋಡುತ್ತಿದ್ದವನನ್ನು ನಿಮ್ಮ ಜೊತೆಯವರು ಹಿಡಿದು ನಿಲ್ಲಿಸಿದರು. ಅವರಿಗೂ ಒಣದ್ರಾಕ್ಷಿಯ ಅಂಗಡಿ ತೆರೆಯಬೇಕು, ಅದೆಲ್ಲ ತಿಳಿದವರು ನೀವೊಬ್ಬರೇ, ಆದರೆ ನೀವು ಒಲ್ಲೆ ಅನ್ನುತ್ತೀರಂತೆ. "ನೀವರ ಹೇಳ್ರಿ ಸರ್ ಇಕಿಗಿ," ಅಂದರು. ನೀವು ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಿದ್ದಿರಿ.

"ಬ್ಯಾಡ್ರೀ ಅಣ್ಣಾರ. ಅವತ್ತಿಂದ ನಾ ಫೋನಿನ್ಯಾಗ ಏನೂ ಒತ್ತಂಗಿಲ್ಲ. ಬಂದ ಫೋನ್ ಅಷ್ಟ ಎತ್ತತೇನಿ. ಮತ್ತೊಬ್ಬರ ಅನ್ನ ನನ್ನ ಬೆರಳಿಗಿ ಹತ್ತಿ ಹೋಗೂದು ಬ್ಯಾಡ."

ಅಂಜಿಕೆ ನನ್ನೊಬ್ಬನದೇ ಅಂದುಕೊಂಡಿದ್ದೆ. ಅದನ್ನು ನಿಮ್ಮ ಕೈಯೊಳಗೂ ಇಟ್ಟು ಬಂದಿದ್ದೆ, ನನಗೇ ಗೊತ್ತಿರಲಿಲ್ಲ.

ಇವತ್ತು ಮತ್ತೆ ಖಂಡೇನವಮಿ. ಆ ಸತ್ತ ಮಷೀನನ್ನು ನಾನು ಎಸೆದಿಲ್ಲ, ಮಂಚದ ಕೆಳಗಿತ್ತು. ಬೆಳಿಗ್ಗೆ ಹೊರಗೆ ತೆಗೆದೆ. ಜಾಲರಿಯ ಸುತ್ತ ಕುಂಕುಮ ಇನ್ನೂ ಹಾಗೇ ಇದೆ, ಕಾಯಿನೀರು ಹರಿದ ಕಲೆಯೂ. ಅವ್ವ ನೋಡಿ, "ಅದಕ್ಕೂ ಒಂದು ಹೂವು ಇಡೋ, ಪಾಪ, ದುಡದೈತಿ," ಅಂದಳು. ಅವಳಿಗೂ ಮೊದಲ ಬಾರಿಗೆ ನಿಜ ಹೇಳಿದೆ. ಅವಳು ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿ, "ಆ ಹೆಣ್ಣುಮಗಳಿಗಿ ಹೇಳೀಯೇನೋ?" ಅಂದಳು.

ನಾಳೆ ಮೊದಲು ಸಾರವಾಡ, ಆಮೇಲೆ ತಿಕೋಟಾ. ನಿಮ್ಮ ಹೆಸರು ಕೆಟ್ಟದ್ದು ಸಾರವಾಡದಲ್ಲಿ, ಅಲ್ಲೇ ಮೊದಲು ಹೇಳಬೇಕು. ಕಸ್ತೂರಿ ಅಕ್ಕ ಏನು ಮಾಡುತ್ತಾರೋ ಗೊತ್ತಿಲ್ಲ. ಊರಿಗೆ ತಿಳಿದ ಮೇಲೆ ನನ್ನ ಬೋರ್ಡು ನೋಡಿ ಯಾರು ಒಳಗೆ ಬರುತ್ತಾರೆ, ಅದೂ ಗೊತ್ತಿಲ್ಲ. ಹೆದರಿಕೊಂಡೇ ಬರುತ್ತೇನೆ, ಆದರೆ ಬರುತ್ತೇನೆ.

ಒಂದು ಮಾತು ಮಾತ್ರ ಬಾಕಿ. ನಾಳೆ ಎಲ್ಲರ ಕೈಯಲ್ಲೂ ಬನ್ನಿ ಇರುತ್ತದೆ. ಬನ್ನಿ ಹಿಡಿದು ಬಾಗಿಲಿಗೆ ಬಂದವನನ್ನು ನಮ್ಮ ಕಡೆ ಯಾರೂ ತಿರುಗಿಸಿ ಕಳಿಸುವುದಿಲ್ಲ. ಎಷ್ಟೇ ಸಿಟ್ಟಿದ್ದರೂ ಎಲೆ ತೆಗೆದುಕೊಂಡು, ಬಂಗಾರದಂಗ ಇರೋಣು ಅನ್ನಲೇಬೇಕು. ನೀವೂ ಅನ್ನುತ್ತೀರಿ, ನನಗೆ ಗೊತ್ತು. ಅದಕ್ಕೇ ನಾನು ಬನ್ನಿ ತರುವುದಿಲ್ಲ. ಮಷೀನನ್ನು ಮಾತ್ರ ತರುತ್ತೇನೆ.